ಕಟ್ ಎಂದದ್ದು ಯಾವಾಗ?

ನಮ್ಮ ಮಾರುತಿ 800ಕ್ಕೆ ಐದನೇ ಕ್ಲಾಸಿನ ಮೊಮ್ಮಗಳಿಗಿಂತ ವಯಸ್ಸು ಜಾಸ್ತಿ. ಕಳೆದ ತಿಂಗಳು ಅದರ ಮುಂಭಾಗದಲ್ಲಿ ‘ಕಟ್, ಕಟ್’ ಸದ್ದು ಶುರುವಾಯಿತು. ಡಿಕ್ಕಿಯ ತೆಂಗಿನಕಾಯಿ ಉರುಳುತ್ತಿರಬೇಕೆಂದು ಎಲ್ಲ ಇಳಿಸಿ ನೋಡಿದೆ. ಹೋಗಲಿಲ್ಲ. ಗ್ಯಾರೇಜಿನಲ್ಲಿ “ಶಾಕ್ ಅಬ್ಸಾರ್ಬರ್ ಹೋಗಿದೆ ಸಾರ್” ಎಂದು ಎರಡನ್ನೂ ಬದಲಾಯಿಸಿದರು. ದುಡ್ಡು ಹೋಯಿತು, ಸದ್ದು ಉಳಿಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ತಾಳೆಯಾಗದ ಸಂಜೆ ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ, ಯಾರೋ 54ನ್ನು 45 ಎಂದು ಬರೆದಿರಬಹುದೆಂಬ ಅನುಮಾನ. ಕಾರಿಗೂ ಹೀಗೇ ಮಾಡೋಣವೆಂದು ಮೊಮ್ಮಗಳಿಗೆ ನೋಟ್‌ಬುಕ್ ಕೊಟ್ಟೆ.

“ಏನು ಬರೀಲಿ ಅಜ್ಜ?”

“ಎಷ್ಟು ಜೋರು ಅಂತ ಬೇಡ. ಯಾವಾಗ ಬಂತು, ಯಾವ ಕಡೆ, ಅಷ್ಟು ಸಾಕು.”

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದೆ: ಇಲ್ಲ. ಬಂದಿದ್ದರೆ ಸ್ಟ್ರಟ್ಟಿನ ಮೇಲ್ತುದಿಯ ಮೌಂಟಿಂಗ್ ನೋಡಬೇಕಿತ್ತು. ಬ್ರೇಕ್ ಒತ್ತಿದಾಗ: ಇಲ್ಲ. ಅಲ್ಲಿ ಬಂದರೆ ಲೋವರ್ ಆರ್ಮಿನ ಬುಷ್ ಸವೆದಿರಬಹುದು. ಹಂಪ್ ಇಳಿಯುವಾಗ, ಗುಂಡಿಗೆ ಬಿದ್ದಾಗ: ಹೌದು, ಎಡಗಡೆ.

ಆ ಪುಟ ಹಿಡಿದು ಬೇರೊಬ್ಬ ಮೆಕ್ಯಾನಿಕ್ ಬಳಿ ಹೋದೆ. ಅವನು ಎಡಚಕ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟ. (ಬರೀ ಜಾಕ್ ನಂಬಿ ಯಾರೂ ಕಾರಿನಡಿ ತಲೆ ಹಾಕಬೇಡಿ, ಅಜ್ಜಂದಿರಂತೂ ಬೇಡವೇ ಬೇಡ.) ಚಕ್ರದ ಮೇಲೊಂದು, ಕೆಳಗೊಂದು ಕೈಯಿಟ್ಟು ಅಲುಗಿಸಿದ. ಆಡಿತು. “ಬ್ರೇಕ್ ಒತ್ತಿ ಸಾರ್.” ಒತ್ತಿದೆ. ಆಗ ಆಟ ನಿಂತಿದ್ದರೆ ವೀಲ್ ಬೇರಿಂಗ್ ತಪ್ಪು. ನಿಲ್ಲಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ, ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದಿತ್ತು. ಗ್ರೀಸ್ ಹೋಗಿ ಮಣ್ಣು, ನೀರು ಸೇರಿತ್ತು.

ಮಕ್ಕಳೇ, ಬಾಲ್ ಜಾಯಿಂಟ್ ಎಂದರೆ ನಿಮ್ಮ ಭುಜದ ಕೀಲಿನಂಥದು, ಬಟ್ಟಲಲ್ಲಿ ಕೂತ ಗುಂಡು. ಚಕ್ರ ಮೇಲೆ ಕೆಳಗೆ ಆಡುತ್ತಲೇ ಎಡಬಲಕ್ಕೂ ತಿರುಗುವುದು ಅದರಿಂದ. ಗುಂಡು ಬಟ್ಟಲಿನಿಂದ ಕಳಚಿದರೆ ಚಕ್ರ ಹೊರಕ್ಕೆ ಮಲಗುತ್ತದೆ. ಸ್ಟೀರಿಂಗ್ ಮಾತು ಕೇಳುವುದಿಲ್ಲ. ಮುಂದಿನ ಭಾನುವಾರವೇ ನಾವು ಆಗುಂಬೆ ಘಾಟಿಯ 14 ತಿರುವು ಇಳಿದು ಉಡುಪಿಗೆ ಹೋಗುವವರಿದ್ದೆವು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಲೋವರ್ ಆರ್ಮ್ ಸಮೇತ ಜಾಯಿಂಟ್ ಹೊಸದಾಯಿತು, ವೀಲ್ ಅಲೈನ್‌ಮೆಂಟೂ ಆಯಿತು. ಘಾಟಿಯಲ್ಲಿ ಮೊಮ್ಮಗಳು ನೋಟ್‌ಬುಕ್ ಬಿಚ್ಚಿಯೇ ಕೂತಿದ್ದಳು. ಆರನೇ ತಿರುವಿನಲ್ಲಿ ‘ಕಟ್’ ಎಂದಿತು. ನನ್ನ ಎದೆ ಧಸಕ್ಕೆಂದಿತು. ಅವಳು ಹಿಂದೆ ಬಗ್ಗಿ ನೋಡಿ ಬರೆದುಕೊಂಡಳು: “ಅಜ್ಜಿಯ ಚಕ್ಕುಲಿ ಡಬ್ಬಿ. ಬಲಗಡೆ.”