ಮಂಗನ ಕಾಯಿಲೆಯ ಮೂಲವಿಚಾರ

1957ನೆಯ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋಡಗಗಳೂ ಗುಂಪುಗುಂಪಾಗಿ ಸತ್ತು, ಸುತ್ತಣ ಹಳ್ಳಿಗಳಲ್ಲಿ ಉಗ್ರವಾದ ಜ್ವರವು ತಲೆದೋರಿತು. ಜನರು ಇದನ್ನು ಮಂಗನ ಕಾಯಿಲೆಯೆಂದರು. ಶಾಸ್ತ್ರಜ್ಞರು ಕಾಡಿನ ಹೆಸರನ್ನಿತ್ತರು. ಮಂಗವಾದರೋ ನಮ್ಮಂತೆಯೇ ಬಲಿಯಾದ ಪ್ರಾಣಿ. ವೈರಸ್ಸನ್ನು ಮನುಷ್ಯನಿಗೆ ತಗುಲಿಸುವುದು ಕಾಡಿನ ಉಣ್ಣೆ.

ಮೊದಮೊದಲು ಇದು ಹಳದಿಜ್ವರವಿರಬಹುದೆಂಬ ಭೀತಿಯಿದ್ದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ನೋಡಲಾಗಿ, ಅದು ರಷ್ಯಾ ದೇಶದ ಉಣ್ಣೆಜನ್ಯ ಮಿದುಳುಜ್ವರದ ವಂಶದ್ದೆಂದು ತಿಳಿದುಬಂದಿತು. ಅಂದಮೇಲೆ ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳೇ ಇದನ್ನು ತಂದಿರಬೇಕೆಂದು ಕೆಲವರು ಊಹಿಸಿದರು. ಊಹೆಯು ರಮ್ಯವಾಗಿದೆ; ಆದರೆ ಸಮರ್ಪಕವಾದ ಸಾಕ್ಷ್ಯವು ದೊರೆತಿಲ್ಲ. ಎರಡು ಓಲೆಪ್ರತಿಗಳಲ್ಲಿ ಒಂದೇ ಪಾಠವಿದ್ದ ಮಾತ್ರಕ್ಕೆ ಒಂದನ್ನು ನೋಡಿಯೇ ಇನ್ನೊಂದನ್ನು ಬರೆದರೆಂದು ಹೇಳಲಾಗದು. ಎರಡಕ್ಕೂ ಕಳೆದುಹೋದ ಮಾತೃಕೆಯೊಂದಿರಬಹುದು. ಗ್ರಂಥಸಂಪಾದಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಂಗಗಳ ಸಾವನ್ನೇ ಆಧಾರವಾಗಿ ಹಿಡಿದವರೂ ಉಂಟು. ಹಳದಿಜ್ವರವು ಬಹುಕಾಲದಿಂದ ನೆಲೆಸಿರುವ ಆಫ್ರಿಕದ ಮಂಗಗಳು ಅದನ್ನು ತಾಳಿಕೊಳ್ಳುತ್ತವೆ. ಅದು ಹೊಸತಾಗಿ ಹೊಕ್ಕ ಅಮೆರಿಕದಲ್ಲಿ ಮಂಗಗಳು ಸಾಯುತ್ತವೆ. ಆದಕಾರಣ ಇಲ್ಲಿಯೂ ರೋಗವು ಹೊಸತೆಂಬುದು ಅವರ ವಾದ. ಆದರೆ ಇಲಿ, ಸುಂಡಿಲಿಗಳಲ್ಲಿ ವೈರಸ್ಸು ಸದ್ದಿಲ್ಲದೆ ಬಾಳಬಲ್ಲುದಾದ್ದರಿಂದ ಈ ವಾದವು ಪೂರ್ಣವಾಗಿ ನಿಲ್ಲಲಾರದು.

1995ರಲ್ಲಿ ಸೌದಿ ಅರೇಬಿಯದಲ್ಲಿ ಇದರ ಅತಿ ಸಮೀಪದ ದಾಯಾದಿಯಾದ ಅಲ್‌ಖುರ್ಮಾ ವೈರಸ್ಸು ಸಿಕ್ಕಿದ ಮೇಲೆ ಚರ್ಚೆಯು ಇನ್ನಷ್ಟು ಬೆಳೆಯಿತು. ವಂಶಧಾತುಗಳ ವ್ಯತ್ಯಾಸದಿಂದ ಕಾಲವನ್ನು ಗಣಿಸಿದ 2009ರ ಲೇಖನವೊಂದು ಈ ವೈರಸ್ಸಿನ ಮೂಲವನ್ನು 1942ರ ಸುಮಾರಿಗೆ ಇಟ್ಟಿತು. 2011ರ ಮತ್ತೊಂದು, ಭಾರತದ ಮತ್ತು ಅರೇಬಿಯದ ಶಾಖೆಗಳು ಸುಮಾರು 700 ವರ್ಷಗಳ ಹಿಂದೆಯೇ ಕವಲೊಡೆದುವೆಂದಿತು. ಎರಡನೆಯದೇ ನನಗೆ ಹೆಚ್ಚು ಸಂಭಾವ್ಯವಾಗಿ ತೋರುತ್ತದೆ: ಕ್ಯಾಸನೂರಿನ ಸುದ್ದಿ ಹುಟ್ಟುವುದಕ್ಕೆ ಮುಂಚೆಯೇ ಸೌರಾಷ್ಟ್ರದ ಜನರ ರಕ್ತದಲ್ಲಿ ಈ ವಂಶದ ವೈರಸ್ಸಿಗೆ ಪ್ರತಿರೋಧದ ಗುರುತು ಕಂಡುಬಂದಿದ್ದಿತು.

ವೈರಸ್ಸಿನ ಮೂಲ ಬೇರೆ, ಪಿಡುಗಿನ ಮೂಲ ಬೇರೆ. ಕಾಡನ್ನು ಕಡಿದು ಗದ್ದೆ ಮಾಡಿ, ಅಂಚಿನ ಪೊದೆಗಳಲ್ಲಿ ದನಗಳನ್ನು ಮೇಯಿಸಿದುದರಿಂದ ಉಣ್ಣೆಗಳು ಹೆಚ್ಚಿದುವೆಂದು 1969ರಲ್ಲಿ ಬೋಶೆಲ್ ಎಂಬ ವಿದ್ವಾಂಸನು ಪ್ರತಿಪಾದಿಸಿದನು. ದನಗಳು ಬೆಳೆದ ಉಣ್ಣೆಗಳಿಗೆ ಆಹಾರವಾಗುತ್ತವೆ.

2012ರ ಕೊನೆಯಲ್ಲಿ ಇದೇ ಪ್ರಶ್ನೆಯು ಚಂದಕವಾಡಿ, ಗುಂಡ್ಲುಪೇಟೆಗಳ ಸೀಮೆಗೆ ಬಂದಿತು. ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತುವು. ಅವುಗಳ ಹೆಣಗಳನ್ನು ಮುಟ್ಟಿ ಸುಟ್ಟ ಅರಣ್ಯದ ಕೆಲಸಗಾರರು ಜ್ವರಕ್ಕೆ ಗುರಿಯಾದರು. ರೋಗವು ಮಲೆನಾಡಿನಿಂದ ಇಳಿದುಬಂದಿತೋ, ಮೊದಲೇ ಇಲ್ಲಿ ಹುದುಗಿದ್ದಿತೋ? ಹುದುಗಿದ್ದುದಾದರೆ, ಕಾಡಂಚಿನ ಹಾಡಿಗಳಲ್ಲಿ ಹಿಂದೆ ಹೆಸರಿಲ್ಲದೆ ಹೋದ ಜ್ವರಗಳಲ್ಲಿ ಕೆಲವಾದರೂ ಇದೇ ಆಗಿದ್ದಿರಬೇಕು.