ಮೃದು ಕಾಂಟ್ಯಾಕ್ಟ್ ಲೆನ್ಸ್‌ಗಳ ಮೇಲಿನ ನಿಕ್ಷೇಪ

ಮೃದು ಕಾಂಟ್ಯಾಕ್ಟ್ ಲೆನ್ಸ್‌ನ ಮೇಲ್ಮೈಯಲ್ಲಿ, ಕೆಲವೊಮ್ಮೆ ಅದರ ಒಳಗೂ, ಸೇರಿಕೊಳ್ಳುವ ಪ್ರೋಟೀನ್, ಕೊಬ್ಬು, ಲವಣ ಮುಂತಾದ ವಸ್ತುಗಳನ್ನು ನಿಕ್ಷೇಪ ಎನ್ನುತ್ತಾರೆ. ಇದರಿಂದ ಲೆನ್ಸ್ ಒರಟಾಗಿ ನೋಟ ಮಸುಕಾಗುತ್ತದೆ, ಕಣ್ಣು ಕೆಂಪಾಗಿ ತುರಿಸುತ್ತದೆ. ಇದನ್ನು ಹೊರಗಿನ ಧೂಳೆಂದು ತಿಳಿಯುವವರು ಬಹಳ. ವಾಸ್ತವವಾಗಿ ಇದರ ಬಹುಪಾಲು ಕಣ್ಣೀರಿನಿಂದಲೇ ಬರುತ್ತದೆ.

ಉಂಟಾಗುವ ಬಗೆ

ಜೆಕ್ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ 1961ರಲ್ಲಿ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಕಟ್ಟಿದ ಯಂತ್ರದಲ್ಲಿ ತಯಾರಿಸಿದ ಮೃದು ಲೆನ್ಸ್ ನೀರನ್ನು ಹೀರಿಕೊಳ್ಳುವ ಹೈಡ್ರೋಜೆಲ್‌ನದು. ಲೆನ್ಸನ್ನು ಮೃದುವಾಗಿಸುವ ಈ ಗುಣವೇ ಕಣ್ಣೀರಿನ ಘಟಕಗಳಿಗೂ ಒಳದಾರಿ ಮಾಡಿಕೊಡುತ್ತದೆ. ಕಣ್ಣೀರಿನ ಲೈಸೊಜೈಮ್ ಧನ ವಿದ್ಯುದಂಶವುಳ್ಳ ಪ್ರೋಟೀನ್. ಋಣ ವಿದ್ಯುದಂಶವುಳ್ಳ, ಹೆಚ್ಚು ನೀರಿನ ಲೆನ್ಸ್‌ಗಳು ಅದನ್ನು ಬಲವಾಗಿ ಸೆಳೆಯುತ್ತವೆ. ಆದರೆ ಕೂಡಿದ ಪ್ರಮಾಣವಷ್ಟೇ ಮುಖ್ಯವಲ್ಲ: ಸಹಜ ರೂಪ ಕಳೆದುಕೊಂಡ ಪ್ರೋಟೀನೇ ಕಣ್ಣಿಗೆ ಹೆಚ್ಚು ಕಿರಿಕಿರಿ ಮಾಡುತ್ತದೆಂದು ಭಾವಿಸಲಾಗಿದೆ. 1999ರ ಸುಮಾರಿಗೆ ಬಂದ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್‌ಗಳಲ್ಲಿ ಪ್ರೋಟೀನ್ ಕಡಿಮೆ, ಕೊಬ್ಬು ಹೆಚ್ಚು. ಕ್ಯಾಲ್ಸಿಯಂ ಮತ್ತು ಕೊಬ್ಬು ಸೇರಿ ಗಂಟುಗಳಾದರೆ ಲೆನ್ಸನ್ನು ಬಿಸಾಡುವುದೊಂದೇ ದಾರಿ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಔಷಧಿಯಿಂದ ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗಿ, ಮೃದು ಲೆನ್ಸ್‌ಗಳಿಗೆ ಶಾಶ್ವತ ಕಲೆ ಬೀಳುತ್ತದೆ.

ನಿಕ್ಷೇಪಗೊಂಡ ಲೆನ್ಸನ್ನೇ ಮುಂದುವರಿಸಿದರೆ ಮೇಲಿನ ರೆಪ್ಪೆಯ ಒಳಭಾಗದಲ್ಲಿ ದೊಡ್ಡ ಗುಳ್ಳೆಗಳೇಳಬಹುದು. ಈ ಉರಿಯೂತವನ್ನು ದೈತ್ಯ ಪ್ಯಾಪಿಲರಿ ಕಂಜಂಕ್ಟಿವೈಟಿಸ್ ಎನ್ನುತ್ತಾರೆ.

ಧೂಳು ಮತ್ತು ನೀರು

ಬೆಂಗಳೂರಿನ ಪೂರ್ವಭಾಗದಲ್ಲಿ ಹಳೆ ಮದ್ರಾಸ್ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಟಿನ್ ಫ್ಯಾಕ್ಟರಿಯಂಥ ಕಡೆ ದ್ವಿಚಕ್ರ ಸವಾರರ ಕಣ್ಣಿಗೆ ಗಾಳಿ, ಧೂಳು ನೇರವಾಗಿ ಬಡಿಯುತ್ತವೆ. ಧೂಳಿನ ಕಣ ಲೆನ್ಸಿನಡಿ ಸಿಕ್ಕಿದರೆ ಕಾರ್ನಿಯಾ ಗೀರಬಹುದು. ಗಾಳಿಗೆ ಒಣಗಿದ ಮೇಲ್ಮೈಗೆ ಪ್ರೋಟೀನ್ ಮತ್ತು ಕೊಬ್ಬು ಸುಲಭವಾಗಿ ಅಂಟುತ್ತವೆ. ಹೆಲ್ಮೆಟ್ಟಿನ ಮುಂದಿನ ಗಾಜು ಮುಚ್ಚಿಕೊಳ್ಳುವುದು ಇದಕ್ಕೆ ಸರಳ ಉಪಾಯ.

ಧೂಳು ಬಿತ್ತೆಂದು ಲೆನ್ಸನ್ನು ನಲ್ಲಿ, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನಲ್ಲಿ ತೊಳೆಯುವುದು ಅಪಾಯಕಾರಿ. ಇಂಥ ನೀರಿನಲ್ಲಿರಬಹುದಾದ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ತೀವ್ರ ಸೋಂಕು ತಂದು ದೃಷ್ಟಿಯನ್ನೇ ಕೆಡಿಸಬಲ್ಲದು. ಕುಡಿಯುವ ಶುದ್ಧ ನೀರೂ ಲೆನ್ಸಿಗೆ ಶುದ್ಧವಲ್ಲ.

ಶುಚಿಗೊಳಿಸುವಿಕೆ

ತೆಗೆದ ಲೆನ್ಸನ್ನು ಅಂಗೈಯಲ್ಲಿಟ್ಟು ದ್ರಾವಣ ಹಾಕಿ, ಬೆರಳಿನಿಂದ ಎರಡೂ ಬದಿ ಮೃದುವಾಗಿ ಉಜ್ಜಿ ತೊಳೆಯಬೇಕು. ಉಜ್ಜದೆ ನೆನೆಹಾಕಿದರೆ ನಿಕ್ಷೇಪ ಸಾಕಷ್ಟು ಹೋಗುವುದಿಲ್ಲ. ಡಬ್ಬಿಯಲ್ಲಿ ಉಳಿದ ಹಳೆಯ ದ್ರಾವಣಕ್ಕೆ ಹೊಸದನ್ನು ಸೇರಿಸಬಾರದು. ಪ್ರೋಟೀನ್ ಕರಗಿಸಲು ಹಿಂದೆ ಕಿಣ್ವದ ಗುಳಿಗೆಗಳು ಹೆಚ್ಚು ಬಳಕೆಯಲ್ಲಿದ್ದವು. ಮಾಸಿಕ ಮತ್ತು ದಿನಬಳಕೆಯ ಲೆನ್ಸ್‌ಗಳು ಬಂದ ಮೇಲೆ ಅವುಗಳ ಅಗತ್ಯ ತಗ್ಗಿತು. ದಿನಬಳಕೆಯ ಲೆನ್ಸನ್ನು ಹಣ ಉಳಿಸಲೆಂದು ಮರುದಿನವೂ ಹಾಕಿಕೊಂಡರೆ ಅದರ ಪ್ರಯೋಜನವೇ ಇಲ್ಲವಾಗುತ್ತದೆ. ಲೆನ್ಸ್ ತೆಗೆದ ಮೇಲೂ ನೋವು, ಕೆಂಪು ಅಥವಾ ಮಸುಕು ಮುಂದುವರಿದರೆ ಅದೇ ದಿನ ನೇತ್ರವೈದ್ಯರನ್ನು ಕಾಣಬೇಕು.