ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕು

ಅಬ್ಬ ಕೆಲಸಕ್ಕೆಂದು ದಮ್ಮಾಮಿಗೆ ಹೋದ ಮೇಲೆ ಅವರ ಹಳೆಯ ಬೈಕ್ ಎರಡು ಮಳೆಗಾಲ ಮನೆಯ ಶೆಡ್ಡಿನಲ್ಲೇ ನಿಂತಿತ್ತು. ಅವರು ರಜೆಗೆ ಬರುವ ಮುನ್ನ ಸರಿಮಾಡಿಡೋಣವೆಂದು ಅಣ್ಣ ಅದನ್ನು ಹೊರತೆಗೆದ. ನಾನು ಹಿಂದೆ ಕುಳಿತಿದ್ದೆ. ಹೆದ್ದಾರಿ ದಾಟುವಾಗ ನಡುರಸ್ತೆಯಲ್ಲೇ ಎಂಜಿನ್ ನಿಂತಿತು. ಲಾರಿಯೊಂದು ಹಾರ್ನ್ ಹೊಡೆಯುತ್ತಾ ನಮ್ಮ ಪಕ್ಕದಲ್ಲೇ ಹಾದುಹೋಯಿತು.

ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿದಾಗ ಸಿಕ್ಕಿದ್ದು ಕೆಂಪು ಹುಡಿ. ಟ್ಯಾಂಕಿನ ತುಕ್ಕು ಪೆಟ್ರೋಲಿನ ಜೊತೆ ಇಳಿದು ಜೆಟ್‌ನ ಸಣ್ಣ ರಂಧ್ರವನ್ನು ಮುಚ್ಚಿತ್ತು. "ಜೆಟ್ ತೊಳೆದರೆ ಸಾಲದು, ಟ್ಯಾಂಕನ್ನೇ ತೊಳೆಯಬೇಕು" ಎಂದರು.

ಪೆಟ್ರೋಲ್ ಇರುವಲ್ಲಿ ತುಕ್ಕು ಹೇಗೆ ಬರುತ್ತದೆ? ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಉಳಿದರ್ಧ ಗಾಳಿ ಇರುತ್ತದೆ. ರಾತ್ರಿಯ ತಂಪಿಗೆ ಅದರಲ್ಲಿನ ತೇವಾಂಶ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದೂ ನೀರನ್ನು ಹೀರಿಕೊಳ್ಳುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ನಾವು ಪಾಠದಲ್ಲಿ ಓದಿದ ಜಲಯುಕ್ತ ಫೆರಿಕ್ ಆಕ್ಸೈಡ್, ಅಂದರೆ ತುಕ್ಕು.

ನಾವು ಮಾಡಿದ್ದು ಹೀಗೆ. ಟ್ಯಾಂಕನ್ನು ಬಿಚ್ಚಿ, ಬಯಲಿನಲ್ಲಿ ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿದೆವು. ಪೆಟ್ರೋಲ್ ಕಾಕ್ ಕಳಚಿ ಆ ತೂತನ್ನು ರಬ್ಬರಿನಿಂದ ಮುಚ್ಚಿದೆವು. ಸೋಪಿನ ನೀರಿನ ಜೊತೆ 20 ನಟ್‌ಗಳನ್ನು ಹಾಕಿ ಚೆನ್ನಾಗಿ ಕುಲುಕಿದೆವು. ಸಡಿಲ ತುಕ್ಕು ಉದುರಿತು. ನಟ್‌ಗಳನ್ನು ಎಣಿಸಿ ಹೊರತೆಗೆಯುವುದು ಮುಖ್ಯ. ಬಳಿಕ 10 ಲೀಟರ್ ಬಿಸಿನೀರಿಗೆ ಅರ್ಧ ಕಿಲೋ ಸಿಟ್ರಿಕ್ ಆಮ್ಲದ ಪುಡಿ ಕರಗಿಸಿ ತುಂಬಿ, ಒಂದು ರಾತ್ರಿ ಬಿಟ್ಟೆವು. ಈ ಆಮ್ಲ ತುಕ್ಕಿನಲ್ಲಿರುವ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಕಬ್ಬಿಣಕ್ಕೆ ಆಮ್ಲ ತಾಗಿದಾಗ ಹೈಡ್ರೋಜನ್ ಬರುವುದರಿಂದ ಮುಚ್ಚಳವನ್ನು ಬಿಗಿ ಮಾಡಬಾರದು. ಬೆಳಿಗ್ಗೆ ದ್ರಾವಣ ಕಂದು ಬಣ್ಣಕ್ಕೆ ತಿರುಗಿತ್ತು, ಒಳಗಿನ ತಗಡು ಬೂದು ಬಣ್ಣಕ್ಕೆ ಬಂದಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನೀರಿನಲ್ಲಿ ತೊಳೆದು, ಟ್ಯಾಂಕನ್ನು ಒದ್ದೆಯಾಗಿಯೇ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಒಳಗೆಲ್ಲ ಮತ್ತೆ ಕಿತ್ತಳೆ ಬಣ್ಣ! ತುಕ್ಕು ಹೋದ ಬರಿಯ ಕಬ್ಬಿಣ ತೇವಕ್ಕೆ ಬೇಗನೆ ಬಲಿಯಾಗುತ್ತದೆ. ಪುನಃ ಆಮ್ಲ ಹಾಕಬೇಕಾಯಿತು. ಎರಡನೆಯ ಸಲ ಅಡುಗೆ ಸೋಡಾದ ನೀರಿನಲ್ಲಿ ತೊಳೆದು ಉಳಿದ ಆಮ್ಲವನ್ನು ತಟಸ್ಥಗೊಳಿಸಿದೆವು. ಆಗ ಇಂಗಾಲದ ಡೈಆಕ್ಸೈಡ್ ನೊರೆಯುಕ್ಕುವುದರಿಂದ ಮುಚ್ಚಳ ತೆರೆದೇ ಇರಬೇಕು. ಕೂಡಲೇ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ತಾಗುವಂತೆ ತಿರುಗಿಸಿ ಚೆಲ್ಲದೆ ಹೊರತೆಗೆದೆವು. ಪೈಪಿಗೆ ಹೊಸ ಫಿಲ್ಟರ್ ಹಾಕಿದೆವು.

ಕೆಲವು ಎಚ್ಚರಿಕೆಗಳು. ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲಿನ ಆವಿ ಉಳಿದಿರುತ್ತದೆ. ಬೆಂಕಿ, ಕಿಡಿ ಹತ್ತಿರ ಬೇಡ. ಟಾಯ್ಲೆಟ್ ತೊಳೆಯುವ ಆಸಿಡ್ ಬಳಸಬೇಡಿ, ಅದು ತಗಡನ್ನೇ ತಿನ್ನುತ್ತದೆ. ಹಳೆಯ ಪೆಟ್ರೋಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಕೊಡಿ. ತಗಡಿನಲ್ಲಿ ತೂತು ಬಿದ್ದಿದ್ದರೆ ಈ ಉಪಾಯ ಸಾಲದು.

ಅಬ್ಬ ಬಂದ ಮರುದಿನ ಉಮ್ಮನನ್ನು ಕೂರಿಸಿಕೊಂಡು ಪೇಟೆಗೆ ಹೋಗಿ ಬಂದರು. ಬೈಕ್ ಎಲ್ಲಿಯೂ ನಿಲ್ಲಲಿಲ್ಲ. ಈ ಬಾರಿ ಅವರು ಮರಳಿ ಹೋಗುವ ಮುನ್ನ ನಾವು ಮೊದಲು ಮಾಡಿದ ಕೆಲಸ, ಟ್ಯಾಂಕನ್ನು ಭರ್ತಿ ಮಾಡಿಟ್ಟದ್ದು.